ಅವಳ ಬೆನ್ನು, ನನ್ನ ಜೇಬಿನ ಕಾಗದ

ಬೆನ್ನಿನ ಆಪರೇಶನ್ನಿಗೆ ಹೊರಟವರು ಯಾರಾದರೂ ನನ್ನ ಅಂಗಡಿಗೆ ಬಂದರೆ ನಾನೀಗ ಮೊದಲು ಕೇಳುವುದು ಒಂದೇ ಪ್ರಶ್ನೆ: ಆಸ್ಪತ್ರೆಯವರು ಸಹಿಗೆ ಕೊಟ್ಟ ಕಾಗದವನ್ನು ಓದಿದವರು ಯಾರು? ಮಗ ಓದಿದ, ಅಳಿಯ ಓದಿದ ಎನ್ನುತ್ತಾರೆ. ಬೆನ್ನು ಯಾರದೋ ಅವರು ಓದಿದರೇ ಎಂದು ಕೇಳಿದರೆ ಹಣ್ಣಿನ ದರ ಕೇಳುತ್ತಾರೆ. ಮಾವಿನ ವ್ಯಾಪಾರಿಗೆ ಇದೆಲ್ಲ ಯಾಕೆ ಎಂದು ಕೆಲವರಿಗೆ ಸಿಟ್ಟೂ ಬರುತ್ತದೆ. ಬರಲಿ. ನನ್ನ ಹೆಂಡತಿಯ ಕಾಗದವನ್ನು ಓದಿದವನು ನಾನು. ಅದಕ್ಕೇ ಕೇಳುತ್ತೇನೆ.

ಅಂಕೋಲೆ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಕಾರವಾರದ ರವಿವಾರದ ಸಂತೆಯಲ್ಲಿ ಗೋಣಿತಟ್ಟು ಹಾಸಿ ಕೂತು, ಕೊನೆಗೆ ಅದೇ ಊರಿನಲ್ಲಿ ಬಾಗಿಲು ಇರುವ ಅಂಗಡಿ ಮಾಡಿದವನು ನಾನು. ಯಾರೂ ಕಲಿಸಲಿಲ್ಲ. ಮಾವಿನ ಮರವನ್ನು ಹೂವಿನಲ್ಲೇ ಗುತ್ತಿಗೆ ಹಿಡಿಯುವುದು ನಮ್ಮ ಕಸುಬು. ಹೂ ನೋಡಿ ಕಾಯಿ ಅಂದಾಜು ಮಾಡಬೇಕು. ಆಮೇಲೆ ಮಂಜು ಬಿದ್ದರೆ, ಗಾಳಿ ಎದ್ದರೆ, ಜಿಗಿಹುಳ ಹತ್ತಿದರೆ ಪೆಟ್ಟು ಗುತ್ತಿಗೆ ಹಿಡಿದವನಿಗೆ. ಹದಿನೈದು ಮರ ಹಿಡಿದರೆ ಎರಡು ಕೈಕೊಡುತ್ತವೆ, ಉಳಿದ ಹದಿಮೂರು ಅವುಗಳ ಪಾಲನ್ನೂ ತುಂಬಿಕೊಡುತ್ತವೆ. ಅಪಾಯ ಎಂದರೆ ನನಗೆ ಗೊತ್ತಿದ್ದದ್ದು ಇಷ್ಟೇ.

ಮರ ನೋಡುವುದು ನಾನು, ಹಣ್ಣು ನೋಡುವುದು ಅವಳು. ನಮ್ಮ ಕಡೆಯ ಇಷಾಡ ಮಾವಿನ ಸಿಪ್ಪೆ ತೆಳು. ಒಂದು ದಿನ ತಡವಾದರೆ ಹಣ್ಣು ಕೆಟ್ಟಿತು, ಒಂದು ದಿನ ಮೊದಲಾದರೆ ಹುಳಿ. ಅವಳು ಅಂಗಡಿಯ ಹಿಂದೆ ಹುಲ್ಲಿನ ನಡುವೆ ಮಣೆ ಹಾಕಿ ಕೂತು, ಒಂದೊಂದನ್ನೂ ತೊಟ್ಟಿನ ಹತ್ತಿರ ಮೂಸಿ, ಇದು ಇವತ್ತು, ಇದು ನಾಡಿದ್ದು ಎಂದು ಬೇರೆ ಮಾಡುತ್ತಿದ್ದಳು. ಬಿಣಗಾದಿಂದ ಬರುವ ಫ್ಯಾಕ್ಟರಿ ಕೆಲಸದವರು ನನ್ನ ಮಾತನ್ನು ನಂಬುತ್ತಲೇ ಇರಲಿಲ್ಲ. "ಅಕ್ಕ ಇಲ್ವಾ? ಹಾಂಗಾದ್ರೆ ಸಂಜೆ ಬರ್ತೆ" ಎಂದು ಹೋಗಿಬಿಡುತ್ತಿದ್ದರು. ಮೂವತ್ತು ಹಂಗಾಮು ಅವಳು ಹಾಗೆ ಬಗ್ಗಿ ಕೂತಿದ್ದಳು.

ನೋವು ಸೊಂಟದಲ್ಲಿ ಹುಟ್ಟಿ ಬಲಗಾಲಿನ ಹಿಂದಿನಿಂದ ಹಿಮ್ಮಡಿಯವರೆಗೆ ಇಳಿಯತೊಡಗಿದ್ದು ಒಂದು ದೀಪಾವಳಿಯ ಹೊತ್ತಿಗೆ. ಎಣ್ಣೆ ಹಚ್ಚಿದೆವು, ಗುಳಿಗೆ ನುಂಗಿಸಿದೆವು, ಸೊಂಟಕ್ಕೆ ಪಟ್ಟಿ ಕಟ್ಟಿದೆವು. ಅನ್ನ ಬಸಿಯುವಾಗ ಅರ್ಧಕ್ಕೆ ನಿಲ್ಲಿಸಿ ಕಂಬ ಹಿಡಿದು ನಿಲ್ಲುತ್ತಿದ್ದಳು. ಸ್ಕ್ಯಾನ್ ಮಾಡಿಸಿದಾಗ ತಿಳಿಯಿತು: ಎರಡು ಎಲುಬುಗಳ ನಡುವಿನ ಮೆತ್ತೆ ಜಾರಿ ನರದ ಮೇಲೆ ಕೂತಿದೆ.

ಹುಬ್ಬಳ್ಳಿಯಲ್ಲಿ ಒಬ್ಬ ಡಾಕ್ಟರಿದ್ದಾರೆ ಎಂದು ಯಾರೋ ಹೇಳಿದರು, ಹೋದೆವು. ಸಣ್ಣ ವಯಸ್ಸಿನವರು. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಬೆನ್ನುಮೂಳೆ ನಿಲ್ಲಿಸಿಕೊಂಡಿದ್ದರು. ನಾನು ಮುಂದಿನ ಕುರ್ಚಿಯಲ್ಲಿ ಕೂತಿದ್ದೆ. ಅವರು ತಮ್ಮ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡರು.

"ಅಮ್ಮಾರ, ನಿಮಗ ಹೇಳ್ತೇನಿ. ಯಜಮಾನ್ರು ಬಾಜೂಕ ಕುಂತು ಕೇಳ್ಲಿ."

ಕಾಲಿನಲ್ಲಿ ಇನ್ನೂ ಶಕ್ತಿ ಇದೆ, ಅವಸರವಿಲ್ಲ, ಕೆಲವು ವಾರ ವ್ಯಾಯಾಮ ಮಾಡಿ ನೋಡಬಹುದು, ಬೇಕಾದರೆ ಒಂದು ಇಂಜೆಕ್ಷನ್ ಕೊಡಬಹುದು ಎಂದರು. ಆಪರೇಶನ್ ಮಾಡಿದರೆ ಹೆಚ್ಚಿನವರಿಗೆ ಕಾಲಿನ ನೋವು ಇಳಿಯುತ್ತದೆ ಎಂದೂ ಹೇಳಿದರು. ಆಮೇಲೆ ಆ ಪ್ಲಾಸ್ಟಿಕ್ ಮೂಳೆಯ ಮೇಲೆ ಬೆರಳಿಟ್ಟು ಆಗಬಹುದಾದ ಕೆಡುಕುಗಳನ್ನು ಒಂದೊಂದಾಗಿ ತೋರಿಸಿದರು. ಗಾಯದಲ್ಲಿ ಕೀವು ಆಗಬಹುದು. ನರಗಳನ್ನು ಸುತ್ತಿದ ಪೊರೆ ಹರಿದು ನೀರು ಸೋರಬಹುದು, ಆಗ ಎದ್ದು ಕೂತರೆ ತಲೆ ಸಿಡಿಯುತ್ತದೆ. ಒಳಗೆ ರಕ್ತ ಹೆಪ್ಪುಗಟ್ಟಿ ನರವನ್ನು ಒತ್ತಬಹುದು. ಪಾದ ಸೋಲಬಹುದು. ಕಾಲಿನ ರಕ್ತನಾಳದಲ್ಲಿ ಗಡ್ಡೆಯಾಗಿ ಅದು ಶ್ವಾಸಕೋಶಕ್ಕೆ ಹೋಗಬಹುದು. ಮೆತ್ತೆ ಮತ್ತೆ ಜಾರಬಹುದು. ಎಲ್ಲ ಸರಿಯಾಗಿ ನಡೆದೂ ನೋವು ಹಾಗೇ ಉಳಿಯಬಹುದು. ತೀರಾ ಅಪರೂಪಕ್ಕೆ, ಮೂತ್ರ ಮಲದ ಹಿಡಿತ ತಪ್ಪಬಹುದು.

ಅವಳು ಅಲ್ಲಿ ಬಾಯಿ ಬಿಟ್ಟಳು. "ಅದು ಹೋದ್ರೆ ತಿರುಗಿ ಬರ್ತದಾ?"

"ಕೆಲವ್ರಿಗೆ ಬರ್ತದ. ಕೆಲವ್ರಿಗೆ ಅರ್ಧ. ಕೆಲವ್ರಿಗೆ ಬರೂದಿಲ್ಲ" ಎಂದರು.

ನಾನು ನಡುವೆ ಬಾಯಿ ಹಾಕಿದೆ. "ಸಾಹೇಬ್ರೇ, ಇದ್ರಲ್ಲಿ ಸ್ವಲ್ಪ ಕಡಿಮೆ ಮಾಡಿ ಹೇಳಿ. ಹೆದರ್ತಾಳೆ."

ಅವರು ನಕ್ಕರು. "ಇದರಾಗ ಚೌಕಾಸಿ ನಡ್ಯೂದಿಲ್ರೀ. ಇದ್ದಷ್ಟು ಹೇಳೇನಿ."

ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಕಿಟಕಿಯ ಕಂಬಿ ಹಿಡಿದು ಒಂದು ಪಕ್ಕಕ್ಕೆ ವಾಲಿ ಕೂತಿದ್ದಳು. ಅರಬೈಲ ಘಟ್ಟದ ತಿರುವುಗಳಲ್ಲಿ ಅವಳ ಮುಖ ನೋವಿನಿಂದ ಕಿವುಚುತ್ತಿತ್ತು. ಆದರೂ ಹೇಳಿದಳು, "ಆ ಡಾಕ್ಟ್ರು ಚೊಲೋ ಇದ್ರು. ಎಲ್ಲಾ ಹೇಳಿದ್ರು."

"ತನ್ನ ಮಾಲಿನ ಹುಳ ತಾನೇ ತೋರ್ಸುವವ ಎಂಥಾ ವ್ಯಾಪಾರಿ ಮಾರಾಯ್ತಿ? ಒಂದೋ ಮಾಲು ಕೊಳ್ತದೆ, ಇಲ್ಲಾ ಮಾರುಕೆ ಮನಸ್ಸಿಲ್ಲ."

"ಅವ್ರು ವ್ಯಾಪಾರಿ ಅಲ್ಲ."

"ಎಲ್ರೂ ವ್ಯಾಪಾರಿಗಳೇ."

ಅವಳು ನನ್ನ ಕಡೆ ತಿರುಗದೆಯೇ ಹೇಳಿದಳು, "ಕೇಳ್ತಾ? ನೋವು ನಾನು ತಡ್ಕೊಳ್ತೆ. ಕಾಲು ಎಳ್ಕಂಡು ನಡುದಾದ್ರೂ ಅಡ್ಡಿಲ್ಲ. ಆ ಮೂತ್ರದ್ದು ಒಂದು ಬ್ಯಾಡ. ಸೀರೆ ಒದ್ದೆ ಮಾಡ್ಕಂಡು ನಾಲ್ಕು ಜನರ ನಡುವೆ ಕೂರುಕೆ ನನ್ನ ಹತ್ರ ಆಗುದಿಲ್ಲ."

ಆಯಿತು ಎಂದೆ. ಗಿರಾಕಿ ಹೇಳಿದ ಮೊದಲ ಮಾತನ್ನು ನಾನು ಯಾವತ್ತೂ ಕೊನೆಯ ಮಾತು ಎಂದುಕೊಂಡವನಲ್ಲ.

ಮುಂದಿನ ವಾರ ಸ್ಕ್ಯಾನಿನ ಫಿಲ್ಮುಗಳನ್ನು ಚೀಲದಲ್ಲಿ ಹಾಕಿಕೊಂಡು, ಮಾಲಿನ ಮಾದರಿ ಒಯ್ಯುವವನ ಹಾಗೆ, ಗಡಿ ದಾಟಿ ಗೋವಾ ಕಡೆಯ ಒಂದು ಆಸ್ಪತ್ರೆಗೆ ಒಬ್ಬನೇ ಹೋದೆ. ಅಲ್ಲಿಯ ಡಾಕ್ಟರು ನನಗಿಂತ ಹಿರಿಯರು, ಕೊಂಕಣಿಯಲ್ಲಿ ಮಾತಾಡಿದರು, ಊಟವಾಯಿತೇ ಎಂದು ಕೇಳಿದರು. ಮಾಡಬಹುದು, ದಿನಾ ಮಾಡುವ ಆಪರೇಶನ್, ಹೆಂಡತಿಯನ್ನು ಕರೆದುಕೊಂಡು ಬನ್ನಿ ಎಂದರು. ನನಗೆ ಬೇಕಾಗಿದ್ದದ್ದು ಇಷ್ಟೇ ಮಾತು. ಅಪಾಯಗಳನ್ನು ನಾನು ಕೇಳಲಿಲ್ಲ. ಮರೆತು ಕೇಳದಿದ್ದದ್ದಲ್ಲ, ಒಪ್ಪಂದ ಆಗುತ್ತಿರುವಾಗ ಮಾಲಿನ ಹುಳುಕು ಎತ್ತಬಾರದು ಎಂಬುದು ಕೈಗೆ ಹತ್ತಿದ ಅಭ್ಯಾಸ. ನಾನು ಚೌಕಾಸಿ ಮಾಡಿದ್ದು ತಾರೀಖಿಗೆ. ಫೆಬ್ರುವರಿಯಲ್ಲೇ ಆಗಬೇಕು, ಮಾವು ಇಳಿಯುವ ಹೊತ್ತಿಗೆ ಅವಳು ಎದ್ದು ಕೂರಬೇಕು ಎಂದೆ. ಆಸ್ಪತ್ರೆಯ ದಿನಗಳಲ್ಲೂ ಎರಡು ಇಳಿಸಿಕೊಂಡೆ. ತೊಂದರೆ ಏನೂ ಕಾಣದಿದ್ದರೆ ಬೇಗ ಬಿಡುತ್ತೇವೆ ಎಂದರು. ಗೆದ್ದೆ ಎಂದುಕೊಂಡು ಬಸ್ಸು ಹತ್ತಿದೆ.

ಬರೆಯಲು ಕಷ್ಟವಾಗುವುದು ಇದೇ. ಅವಳ ಕಾಲಿನ ನೋವು ನನಗೆ ನೋಡಲಾಗುತ್ತಿರಲಿಲ್ಲ, ನಿಜ. ಆದರೆ ಹಂಗಾಮಿಗೆ ಅವಳ ಕೈ ನನಗೆ ಬೇಕಾಗಿತ್ತು, ಅದೂ ನಿಜ.

ಅವಳನ್ನು ಕರೆದುಕೊಂಡು ಹೋದಾಗ ಆ ಡಾಕ್ಟರು ಪರೀಕ್ಷೆ ಮಾಡಿ, ಏನಾದರೂ ಕೇಳುವುದಿದೆಯೇ ಎಂದು ಅವಳನ್ನೇ ಕೇಳಿದರು. "ಎಲ್ಲಾ ಹೇಳಿದ್ದೇನೆ ಸರ್" ಎಂದು ನಾನು ಉತ್ತರ ಕೊಟ್ಟೆ. ಅವರದು ತಪ್ಪಿಲ್ಲ.

ಆಪರೇಶನ್ನಿನ ಹಿಂದಿನ ದಿನ ಸಹಿಯ ಕಾಗದ ತಂದರು. ಕಾರವಾರದ ಕಡೆಯವರೇ ಹೆಚ್ಚು ಬರುವ ಆಸ್ಪತ್ರೆಯಾದ್ದರಿಂದ ಕನ್ನಡದಲ್ಲೇ ಇತ್ತು, ಮೂರು ಹಾಳೆ. ಮೊದಲ ಹಾಳೆಯಲ್ಲಿ ಹುಬ್ಬಳ್ಳಿಯವರು ಹೇಳಿದ್ದೆಲ್ಲ ಅದೇ ಕ್ರಮದಲ್ಲಿ ಇತ್ತು. ಮೂತ್ರದ ಮಾತೂ ಇತ್ತು. ಅವಳು ಏಳನೇ ಇಯತ್ತೆ ಓದಿದವಳು, ಪೇಪರು ಓದುತ್ತಾಳೆ. ಕನ್ನಡಕ ಹುಡುಕುತ್ತಿದ್ದಳು.

"ಎಂತ ಬರ್ದದೆ?"

"ಎಲ್ಲಾ ಕಡೆ ಇರುದೇ. ಬ್ಯಾಂಕಿನ ಕಾಗದದ ಹಾಂಗೆ."

"ಆ ಹುಬ್ಳಿಯವ್ರು ಹೇಳಿದ್ದು?"

"ಇವರ ಹತ್ರ ಹಾಂಗೆಲ್ಲಾ ಆಗುದಿಲ್ಲ."

ನನ್ನ ಜನ್ಮದಲ್ಲಿ ಇಷ್ಟು ಸಲೀಸಾಗಿ ಹೇಳಿದ ಸುಳ್ಳು ಬೇರೊಂದಿಲ್ಲ. ಮೊದಲೆರಡು ಹಾಳೆಗಳನ್ನು ಹಿಂದಕ್ಕೆ ಮಡಚಿ, ಕೊನೆಯ ಹಾಳೆಯನ್ನು ಅವಳ ಮುಂದೆ ಹಿಡಿದೆ. ಪೆನ್ನು ಕೊಟ್ಟೆ. ಕನ್ನಡಕ ಇಲ್ಲದೆಯೇ ಸಹಿ ಹಾಕಿದಳು. ನಮಗೆ ಇಟ್ಟುಕೊಳ್ಳಲು ಅದರ ಒಂದು ಪ್ರತಿ ಕೊಟ್ಟರು, ಆಪರೇಶನ್ ಆದ ಮೇಲೆ ಏನೇನು ಗಮನಿಸಬೇಕು ಎಂಬ ಪಟ್ಟಿಯ ಸಮೇತ. ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ವಾರ್ಡಿಗೆ ತಂದು ಮಲಗಿಸಿದರು. ಎಚ್ಚರವಾದವಳೇ ಬಲಗಾಲನ್ನು ಅಲುಗಿಸಿ ನೋಡಿ, "ಆ ಸೆಳೆತ ಹೋಯ್ತು" ಎಂದು ನಕ್ಕಳು. ಕದ್ವಾಡದಿಂದ ಅವಳ ಅಕ್ಕ ಗಂಜಿ ಕಟ್ಟಿಕೊಂಡು ಬಂದಿದ್ದಳು. "ಭಾವಾ, ಇನ್ನು ನೀವು ಜಾಗ್ರತೆ. ಇಷ್ಟು ದಿನ ಬೆನ್ನಟ್ಟಿ ಓಡುಕಾಗುದಿಲ್ಲ ಅಂತ ನಿಮ್ಮ ಬಿಟ್ಟಿತ್ತು ಇದು" ಎಂದಳು. ಮೂವರೂ ನಕ್ಕೆವು. ಅಷ್ಟು ಹಗುರಾಗಿ ಅವಳು ನಕ್ಕದ್ದನ್ನು ನಾನು ಆಮೇಲೆ ನೋಡಿಲ್ಲ.

ಅಕ್ಕ ಬಸ್ಸಿಗೆ ಹೋದಳು. ಮೂರು ಗಂಟೆಯ ಹೊತ್ತಿಗೆ ಹೆಂಡತಿ ಮೆಲ್ಲಗೆ ನನ್ನ ತೋಳು ಎಳೆದಳು.

"ಕೂರು ಜಾಗ ಎಲ್ಲಾ ನಂದೇ ಅಲ್ಲ ಅನ್ನು ಹಾಂಗೆ ಆಗ್ಯದೆ. ಮುಟ್ಟಿದ್ರೂ ತಿಳಿಯುದಿಲ್ಲ."

"ಮದ್ದು ಇನ್ನೂ ಇಳೀಬೇಕು. ಹಾಂಗೇ ಇರ್ತದೆ."

"ಒಂದಕ್ಕೂ ಬರುದಿಲ್ಲ."

"ನೀರು ಕುಡದ್ಯಾ? ಎಲ್ಲಿಂದ ಬರಬೇಕು?"

ಆ ಹೊತ್ತಿನ ಪಾಳಿಯಲ್ಲಿದ್ದ ನರ್ಸು ಗಂಡಸು. ಅವನ ಹತ್ತಿರ ತಾನು ಹೇಳಲಾರೆ, ನೀವಾದರೂ ಹೇಳಿ ಎಂದಳು. ಹೇಳುತ್ತೇನೆ ಎಂದೆ. ಹೇಳಲಿಲ್ಲ. ಸಣ್ಣದನ್ನೆಲ್ಲ ಹೇಳಿದರೆ ಬರೆದುಕೊಳ್ಳುತ್ತಾರೆ, ಬರೆದುಕೊಂಡರೆ ದಿನ ಹೆಚ್ಚಾಗುತ್ತದೆ ಎಂಬ ಯೋಚನೆ ನನ್ನದು. ನಾಲ್ಕಕ್ಕೆ ಇನ್ನೊಮ್ಮೆ ಕೇಳಿದಳು, ಹೇಳಿದಿರಾ ಎಂದು. ಹೇಳಿದ್ದೇನೆ, ಬರುತ್ತಾರೆ ಎಂದೆ. ಐದಕ್ಕೆ ಕೇಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಆರೂವರೆಗೆ ಡಾಕ್ಟರು ಸಂಜೆಯ ಸುತ್ತಿಗೆ ಬಂದರು. ಹೇಗಿದ್ದೀರಿ ಎಂದು ಕೇಳಿದ್ದಕ್ಕೆ ಅವಳ ಕಣ್ಣಿಂದ ನೀರು ಇಳಿಯಿತು, ಕೈಯಿಂದ ಸೊಂಟದ ಕೆಳಗೆ ತೋರಿಸಿದಳು. ನನ್ನನ್ನು ಪರದೆಯ ಹೊರಗೆ ಕಳಿಸಿ, ಪಿನ್ನು ತಂದು ಚುಚ್ಚಿ ನೋಡಿದರು. ಪರದೆ ಸರಿಸಿಕೊಂಡು ಹೊರಬಂದಾಗ ಅವರ ಮುಖ ಬೇರೆಯಾಗಿತ್ತು.

"ಎಷ್ಟು ಹೊತ್ತಿಂದ?" ಎಂದು ಕೇಳಿದರು.

"ಮೂರರಿಂದ."

"ಯಾರಿಗೂ ಹೇಳಿಲ್ವಾ?"

ನಾನು ಉತ್ತರ ಕೊಡುವ ಮೊದಲೇ ಅವರು ಫೋನಿನಲ್ಲಿ ಮಾತಾಡುತ್ತಾ ಓಡಿದ್ದರು. ಒಳಗೆ ರಕ್ತ ಹೆಪ್ಪುಗಟ್ಟಿ, ಸೊಂಟದ ಕೆಳಗಿನ ನರಗಳ ಕಟ್ಟನ್ನೇ ಒತ್ತುತ್ತಿತ್ತು. ಅರ್ಧ ಗಂಟೆಯೊಳಗೆ ಅದೇ ಬೆನ್ನನ್ನು ಮತ್ತೆ ತೆರೆಯಲು ಒಯ್ದರು. ಖಾಲಿಯಾದ ಮಂಚದ ಪಕ್ಕ ನಿಂತು ಜೇಬಿನ ಕಾಗದ ತೆಗೆದು ಓದಿದೆ. ಕೊನೆಯ ಪಟ್ಟಿಯಲ್ಲಿ, ದಪ್ಪ ಅಕ್ಷರದಲ್ಲಿ ಇತ್ತು: ಕೂರುವ ಭಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ, ಒಂದು ನಿಮಿಷವೂ ಕಾಯದೆ ತಿಳಿಸಿ. ಮೂರೂವರೆ ತಾಸು ಆ ಸಾಲು ನನ್ನ ಎದೆಯ ಮೇಲೇ ಇತ್ತು.

ಹೆಪ್ಪನ್ನು ತೆಗೆದರು. ಕಾಲಿನ ಶಕ್ತಿ ಬಹುಪಾಲು ಬಂತು. ಬಲಪಾದದ ಮುಂಭಾಗ ಮಾತ್ರ ಏಳುವುದಿಲ್ಲ, ಹೊಸ್ತಿಲಿಗೆ ತಾಗುತ್ತದೆ. ಮೂತ್ರದ ಹಿಡಿತ ಬರಲಿಲ್ಲ. ನಾಲ್ಕು ತಾಸಿಗೊಮ್ಮೆ ಸಪೂರ ನಳಿಕೆಯನ್ನು ತಾನೇ ಹಾಕಿಕೊಂಡು ತೆಗೆಯಬೇಕು. ಕನ್ನಡಿ ಹಿಡಿದು ಅದನ್ನು ಹೇಗೆ ಮಾಡುವುದೆಂದು ಒಬ್ಬ ಹೆಣ್ಣು ನರ್ಸು ಎರಡು ದಿನ ಕಲಿಸಿದಳು. ಅಷ್ಟು ಮಾಡಿದರೂ ಕೆಮ್ಮಿದರೆ, ನಕ್ಕರೆ, ಏಳುವಾಗ ಸ್ವಲ್ಪ ಭಾರ ಬಿದ್ದರೆ ಸೀರೆ ಒದ್ದೆ. ಅವಳು ಬೇಡ ಎಂದಿದ್ದದ್ದು ಅದೊಂದನ್ನೇ.

ಆ ವರ್ಷ ಇಷಾಡ ಚೆನ್ನಾಗಿ ಬಂತು. ಹುಲ್ಲಿನಲ್ಲಿ ನಾನೇ ಕೂತು ಮೂಸಿ ನೋಡಿದೆ. ನನ್ನ ಮೂಗಿಗೆ ಎಲ್ಲವೂ ಒಂದೇ ವಾಸನೆ. ಬಿಣಗಾದವನೊಬ್ಬ ಹುಳಿ ಹಣ್ಣು ವಾಪಸು ತಂದು ಕೊಟ್ಟು, "ಅಕ್ಕನ್ನ ಎಲ್ಲಿ ಅಡಗಿಸಿಟ್ಟಿದ್ರಿ?" ಎಂದು ತಮಾಷೆ ಮಾಡಿದ. ಅವಳು ಅಂಗಡಿಗೆ ಬರುವುದನ್ನು ಬಿಟ್ಟಿದ್ದಳು. ಅಕ್ಕನ ಮನೆಯ ಮದುವೆಗೂ ಹೋಗಲಿಲ್ಲ. ಅಕ್ಕ ಬಂದು ಗದರಿದಳು, ಅತ್ತಳು, ತಾನೂ ಹಿಂದಿನ ಸಾಲಿನಲ್ಲೇ ಜೊತೆಗೆ ಕೂರುತ್ತೇನೆ ಎಂದಳು. ಇವಳು ಅಕ್ಕನಿಗೆ ಚಹಾ ಮಾಡಿ ಕೊಟ್ಟಳು.

ಯಾರ ಮೇಲಾದರೂ ಜಗಳಕ್ಕೆ ಬೀಳಬೇಕು ಎಂದು ನಾನು ಹುಬ್ಬಳ್ಳಿಗೆ ಹೋದೆ. ಆ ಸಣ್ಣ ವಯಸ್ಸಿನ ಡಾಕ್ಟರ ಮುಂದೆ ಎಲ್ಲ ಕಾಗದ ಹರಡಿದೆ. ಗೋವಾದವರು ತಪ್ಪು ಮಾಡಿದ್ದಾರೆ ಎಂದು ಒಂದು ಸಲ ಅವರ ಬಾಯಿಂದ ಬಂದರೆ ಸಾಕಿತ್ತು. ಅವರು ಎಲ್ಲವನ್ನೂ ಓದಿ ಹೇಳಿದರು, "ನನ್ನ ಕೈಯಾಗೂ ಇದು ಆಗಬಹುದಿತ್ತು. ಅದಕ್ಕ ಅಂದು ಹೇಳಿದ್ದೆ."

"ಆ ಮೂರೂವರೆ ತಾಸು?"

ಅವರು ಕಾಗದಗಳನ್ನು ಒಟ್ಟು ಮಾಡಿ ನನ್ನ ಕಡೆ ಸರಿಸಿದರು. "ಲಗೂನ ಹೇಳಿದ್ರ ಚಲೋ ಇತ್ತು. ಎಷ್ಟು ಚಲೋ ಆಗ್ತಿತ್ತು ಅಂತ ಯಾರೂ ಹೇಳಾಕ ಆಗೂದಿಲ್ಲ." ಜಗಳಕ್ಕೆ ಯಾರೂ ಸಿಗಲಿಲ್ಲ.

ಮನೆಗೆ ಬಂದ ಮೇಲೂ ಸುಮಾರು ದಿನ ಆ ಕಾಗದ ನನ್ನ ಪೆಟ್ಟಿಗೆಯಲ್ಲಿತ್ತು. ಹರಿದು ಹಾಕಲು ಎರಡು ಸಲ ಕೈಗೆ ತೆಗೆದುಕೊಂಡಿದ್ದೆ. ಒಂದು ಮಧ್ಯಾಹ್ನ ಊಟವಾದ ಮೇಲೆ ಅವಳು ಹಿಂಬದಿಯ ಜಗಲಿಯಲ್ಲಿ ನಳಿಕೆ ತೊಳೆದು ಬಟ್ಟೆಯ ಮೇಲೆ ಹರವುತ್ತಿದ್ದಳು. ಅಲ್ಲೇ ಕೊಟ್ಟೆ. ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಮೂರೂ ಹಾಳೆ, ಕೊನೆಯ ಪಟ್ಟಿ, ಎಲ್ಲ ಓದಿದಳು. ಮೊದಲ ಹಾಳೆಯನ್ನು ಎರಡು ಸಲ ಓದಿದಳು.

"ಇದ್ರಲ್ಲಿ ಬರ್ದದೆ."

"ಹೌದು."

"ನಿಮಗೆ ಗೊತ್ತಿತ್ತು."

"ಆ ಕೊನೆ ಪಟ್ಟಿ ಓದಿರ್ಲಿಲ್ಲ."

"ಅದು ಬಿಡಿ. ಮೇಲಿಂದು?"

"ಓದಿದ್ದೆ."

"ಹೇಳಿದ್ರೆ ನಾನು ಬ್ಯಾಡ ಅಂತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

ಕನ್ನಡಕ ತೆಗೆದಳು. ಅಳುತ್ತಾಳೆ, ಬೈಯುತ್ತಾಳೆ, ಆ ಕಾಗದವನ್ನು ನನ್ನ ಮುಖಕ್ಕೆ ಎಸೆಯುತ್ತಾಳೆ ಎಂದು ಕಾದೆ. ಅವಳು ಹೇಳಿದ್ದು ಇಷ್ಟೇ: "ಮೂವತ್ತು ವರ್ಷ ನಿಮ್ಮ ಬಾಜೂಕೆ ಕೂತು ಎಲ್ರ ಹತ್ರ ನೀವು ಮಾತಾಡುದು ನೋಡಿದ್ದೆ. ನನ್ನ ಹತ್ರ ಹಾಂಗೆ ಮಾತಾಡುದಿಲ್ಲ ಅಂತ ತಿಳ್ಕಂಡಿದ್ದೆ."

ನಾನು ಅತ್ತೆ. ಅವಳು ನಳಿಕೆಗಳನ್ನು ಎತ್ತಿ ಡಬ್ಬಿಗೆ ಹಾಕಿ ಒಳಗೆ ಹೋದಳು.

ಓದುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಹೇಳದಿದ್ದರೆ ನಾನು ನಾನಲ್ಲ. ಆಪರೇಶನ್ ಬೇಡ ಎಂದು ನಾನು ಹೇಳುವುದಿಲ್ಲ. ನನಗೆ ಗೊತ್ತಿರುವವರಲ್ಲೇ ಅದರಿಂದ ಎದ್ದು ತೋಟದ ಕೆಲಸಕ್ಕೆ ಹೋದವರಿದ್ದಾರೆ. ಆದರೆ ಹೇಳುವುದನ್ನು ಬೆನ್ನಿನವರೇ ಕೇಳಲಿ. ಏನಾದರೆ ತಡೆದುಕೊಳ್ಳಬಲ್ಲೆ, ಏನಾದರೆ ಆಗದು ಎಂದು ಅವರೇ ಹೇಳಲಿ. ಹಾಸಿಗೆಯಲ್ಲಿ ಮಲಗಿದವರು ಮರಗಟ್ಟಿದೆ ಎಂದರೆ ನಾಚಿಕೆ ನೋಡದೆ ಕೂಗಿ ಕರೆಯಿರಿ. ಸುಮ್ಮನೆ ಕರೆದರು ಎಂದು ಬೈಸಿಕೊಂಡರೆ ಏನೂ ಹೋಗುವುದಿಲ್ಲ. ನಾನು ಹದಿನೈದು ಮರದ ಲೆಕ್ಕದಲ್ಲಿ ಯೋಚನೆ ಮಾಡಿದೆ. ಇದ್ದದ್ದು ಒಂದೇ.

ಕಳೆದ ತಿಂಗಳು ಸೊಂಟದ ನೋವು ಮತ್ತೆ ಹೆಚ್ಚಾಯಿತು. ಎರಡು ಸಲ ತೆರೆದ ಬೆನ್ನು ಸಡಿಲಾಗಿದೆ, ಸ್ಕ್ರೂ ಮತ್ತು ಸರಳು ಹಾಕಿ ಗಟ್ಟಿ ಮಾಡುವ ಇನ್ನೊಂದು ಆಪರೇಶನ್ ಇದೆ ಎಂದರು ಕಾರವಾರದ ಡಾಕ್ಟರು. ಹುಬ್ಬಳ್ಳಿಗೆ ಹೋಗೋಣ ಎಂದು ಅವಳೇ ಹೇಳಿದಳು. ಕೇಳಬೇಕಾದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಅಲ್ಲಿ ಹೆಸರು ಕರೆದಾಗ ನಾನೂ ಎದ್ದೆ.

"ನೀವು ಇಲ್ಲೇ ಕೂತ್ಕಳಿ" ಎಂದಳು.

ಬಲಪಾದ ಎಳೆಯುತ್ತಾ ಒಳಗೆ ಹೋದಳು, ಬಾಗಿಲು ಮುಚ್ಚಿತು. ಸುಮಾರು ಮುಕ್ಕಾಲು ತಾಸು. ಒಳಗಿನ ಮಾತು ಕೇಳುತ್ತಿತ್ತು, ಶಬ್ದಗಳು ತಿಳಿಯುತ್ತಿರಲಿಲ್ಲ. ಹೊರಗೆ ಬಂದವಳು, ನಡೆಯಿರಿ ಬಸ್ಸು ಹೋಗುತ್ತದೆ ಎಂದಳು. ಬಸ್ಸು ಕಲಘಟಗಿ ದಾಟಿದ ಮೇಲೆ ಅವಳು ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿದಳು.

"ಬ್ಯಾಡ ಅಂದೆ" ಎಂದಳು ಕೊನೆಗೆ. "ನೋವು ಇರ್ಲಿ."

ನನ್ನ ಬಾಯಿಗೆ ಹತ್ತು ಮಾತು ಬಂದವು. ಇನ್ನೊಬ್ಬರನ್ನು ಕೇಳೋಣ, ಮುಂಬೈಗೆ ಹೋಗೋಣ, ಒಂದು ವಾರ ಯೋಚನೆ ಮಾಡು. ಎಲ್ಲ ನುಂಗಿ, "ಅಡ್ಡಿಲ್ಲ" ಎಂದೆ.

"ನಿಮ್ಮ ಹತ್ರ ಕೇಳ್ಲಿಲ್ಲ. ಹೇಳಿದೆ, ಅಷ್ಟೇ."

ಯಲ್ಲಾಪುರದಲ್ಲಿ ಬಸ್ಸು ನಿಂತಿತು. ಅವಳಿಗೆ ನಳಿಕೆ ಹಾಕಿಕೊಳ್ಳುವ ಹೊತ್ತಾಗಿತ್ತು. ತನ್ನ ಕೈಚೀಲ ತೆಗೆದುಕೊಂಡು, ಸೀಟಿನ ಕಂಬಿ ಹಿಡಿಯುತ್ತಾ ಇಳಿದು ನಿಲ್ದಾಣದ ಹಿಂದಿನ ಶೌಚಾಲಯದ ಕಡೆ ಹೋದಳು. ಜೊತೆಗೆ ಬರಲೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹತ್ತು ನಿಮಿಷ ಕಳೆದು ಕಂಡಕ್ಟರು ಸೀಟಿ ಊದಿದ. ನಾನು ಬಾಗಿಲಿನ ಮೆಟ್ಟಿಲ ಮೇಲೆ ಇಳಿದು ನಿಂತೆ.

"ಇನ್ನೂ ಒಬ್ರು ಬರಬೇಕು. ಹತ್ತು ನಿಮಿಷ."

"ಹತ್ತು ನಿಮಿಷಾನಾ? ಟೈಮಿಲ್ಲ ಯಜಮಾನ್ರೇ. ಎರಡು ನಿಮಿಷ."

"ಎಂಟು" ಎಂದೆ.

ಅವನು ಐದು ಎಂದ. ಒಪ್ಪಿಕೊಂಡೆ. ಅವಳನ್ನು ಕರೆಯಲು ಹೋಗಲಿಲ್ಲ, ಬಾಗಿಲು ಮುಚ್ಚಲು ಬಿಡದೆ ಮೆಟ್ಟಿಲ ಮೇಲೇ ನಿಂತೆ.